ಅಣ್ಣನ ವೆಬ್‌ಸೈಟಿಗೆ ಬಂದವರು

ಏಣಿ ಮಾಡುವವನಿಗೆ ಉದ್ದನೆಯ ಜಾಗ ಬೇಕು. ಚಿಕ್ಕೋನಿಗೆ ಇಲ್ಲದ್ದು ಅದೊಂದೇ. ಅವನ ಕೋಣೆಯೊಳಗೆ ಹನ್ನೆರಡು ಮೆಟ್ಟಿಲಿನ ಏಣಿ ಹಿಡಿಸುತ್ತಿತ್ತು. ಅದಕ್ಕಿಂತ ಉದ್ದದ್ದಾದರೆ ತುದಿಯನ್ನು ಕಿಟಕಿಯಿಂದ ಬೀದಿಗೆ ಚಾಚಬೇಕು. ಎದುರುಮನೆಯ ದರ್ಜಿ ಅದರ ಮೇಲೆ ಬಟ್ಟೆ ಹರವಿ, "ಎರಡು ದಿನ ಒಳಗೆ ಎಳ್ಕೋಬೇಡಪ್ಪ, ಕೋಟು ಇನ್ನೂ ಒದ್ದೆ" ಎಂದು ಹೇಳಿ ಹೋಗುತ್ತಿದ್ದ.

ದೊಡ್ಡ ರಸ್ತೆಯ ಬದಿಗೆ ಅಪ್ಪನ ಶೆಡ್ಡು ಇತ್ತು, ನಲವತ್ತು ಮೊಳ ಉದ್ದ. ಕೈ ನಡುಗಲು ಶುರುವಾದ ಮೇಲೆ ಅಪ್ಪ ಉಳಿ ಕೆಳಗಿಟ್ಟಿದ್ದ. ಏಣಿ ಮಾಡುವವರೇ ಆದ ಇಬ್ಬರು ಮಕ್ಕಳು, ದೊಡ್ಡೋನು ಮತ್ತು ಚಿಕ್ಕೋನು, ಇವರಲ್ಲಿ ಶೆಡ್ಡು ಯಾರಿಗೆ ಎಂಬ ಮಾತು ವರ್ಷವಿಡೀ ಎಳೆದಾಡಿತು. ಇಬ್ಬರೂ ತಮ್ಮತಮ್ಮ ಏಣಿಗಳಿಗೆ ವೆಬ್‌ಸೈಟು ಮಾಡಿಸಿದ್ದಾರೆಂದು ಕಿವಿಗೆ ಬಿದ್ದ ದಿನ ಅಪ್ಪ ತೀರ್ಮಾನ ಹೇಳಿದ.

"ಯಾರನ್ನ ಹುಡುಕ್ಕೊಂಡು ಜಾಸ್ತಿ ಬರ್ತಾರೋ ಅವನು ರಸ್ತೆ ಬದಿಗೆ ಇರ್ಲಿ. ಶನಿವಾರ ಅಳೆಯೋಣ. ಮೂರು ಕೋಲಲ್ಲಿ."

ಮೂರು ಕೋಲು ಆ ಮನೆಯ ಪದ್ಧತಿ. ಯಾವ ಮರವನ್ನೂ ಅವರು ಒಂದೇ ಅಳತೆಕೋಲಿಗೆ ನಂಬಿ ಕೊಯ್ದವರಲ್ಲ. ಮೂರು ಕೋಲು, ಮೂರು ಅಳತೆ. ಹೆಚ್ಚಿನದನ್ನೂ ಕಡಿಮೆಯದನ್ನೂ ಬಿಟ್ಟು ನಡುವಿನದಕ್ಕೆ ಗರಗಸ ಇಡುವುದು.

ಹಾಗಾಗಿ ಎರಡು ವೆಬ್‌ಸೈಟಿಗೆ ಬರುವವರನ್ನು ಎಣಿಸಿ ಹೋಲಿಸಿ ತೋರಿಸುವ ಸಾಧನಗಳನ್ನು ಚಿಕ್ಕೋನೂ ಅವನ ಹೆಂಡತಿಯೂ ಫೋನಿನಲ್ಲಿ ಹುಡುಕತೊಡಗಿದರು. ಮೊದಲು ಸಿಕ್ಕಿದ್ದು ಅಣ್ಣನಿಗೆ ಒಂಬತ್ತು ಸಾವಿರ, ತಮ್ಮನಿಗೆ ಏಳು ಸಾವಿರ ಎಂದಿತು.

"ಅಷ್ಟು ಜನ ಏಣಿ ಹತ್ತಿ ಎಲ್ಲಿಗ್ರೀ ಹೋಗ್ತಾರೆ?" ಎಂದಳು ಹೆಂಡತಿ.

ಎರಡನೆಯದು ಇಬ್ಬರಿಗೂ ಸೊನ್ನೆ ಹಾಕಿ, ಇಷ್ಟು ಸಣ್ಣವರು ತನ್ನ ಕಣ್ಣಿಗೆ ಬೀಳುವುದಿಲ್ಲ ಎಂದಿತು. ಮೂರನೆಯದು ಮಾತ್ರ ತಿಂಗಳ ಲೆಕ್ಕಕ್ಕೆ ಒಂದು ದಿನ ಬೇಕೆಂದು ಕೇಳಿತು. ಕಾಯುವಾಗ ಚಿಕ್ಕೋನು ಮತ್ತೆಮತ್ತೆ ಅಣ್ಣನ ವೆಬ್‌ಸೈಟಿಗೆ ಹೋಗಿ, ಹೊಸ ಏಣಿಯ ಚಿತ್ರ ಬಂದಿದೆಯೇ ಎಂದು ಇಣುಕಿ ಬರುತ್ತಿದ್ದ. ನೋಯುವ ಹಲ್ಲಿಗೆ ನಾಲಿಗೆ ಹೋಗುವ ಹಾಗೆ ಅದು ತಿಂಗಳಿಂದ ಅವನಿಗೆ ಅಭ್ಯಾಸವಾಗಿತ್ತು.

ಶನಿವಾರ ಎಲ್ಲರೂ ಶೆಡ್ಡಿನಲ್ಲಿ ಸೇರಿದರು. ಅಪ್ಪ ಒಂಬತ್ತು ಸಾವಿರವನ್ನೂ ಸೊನ್ನೆಯನ್ನೂ ತಳ್ಳಿಹಾಕಿ ನಡುವಿನದನ್ನು ಓದಿಸಿದ. ದೊಡ್ಡೋನಿಗೆ ಇನ್ನೂರ ಹದಿನಾಲ್ಕು. ಚಿಕ್ಕೋನಿಗೆ ಇನ್ನೂರಾರು.

"ಎಂಟು ಹೆಚ್ಚು. ಶೆಡ್ಡಿನ ಬೀಗದ ಕೈ ದೊಡ್ಡೋನಿಗೆ," ಎಂದ ಅಪ್ಪ.

ಚಿಕ್ಕೋನ ಹೆಂಡತಿ ಬೆರಳಿನಿಂದ ಇನ್ನೂ ಕೆಳಗೆ ಸರಿಸುತ್ತಿದ್ದಳು. "ಮಾವ, ಎಲ್ಲಿಂದ ಬಂದ್ರು ಅಂತಾನೂ ಇದೆ ಇದರಲ್ಲಿ."

ದೊಡ್ಡೋನಿಗೆ ಇನ್ನೂರ ಹದಿನಾಲ್ಕು ಸಲವೂ ಬಂದದ್ದು ಒಂದೇ ಫೋನು, ಚಿಕ್ಕೋನ ಬೀದಿಯದು. ಚಿಕ್ಕೋನಿಗೆ ಇನ್ನೂರಾರು ಸಲವೂ ಬಂದದ್ದು ದೊಡ್ಡೋನ ಬೀದಿಯದು. ಇಬ್ಬರೂ ನೆಲ ನೋಡಿದರು.

"ಮಂಗಳವಾರ ನನಗೆ ಜ್ವರ," ಎಂದ ದೊಡ್ಡೋನು ಮೆಲ್ಲಗೆ. "ಅವತ್ತೊಂದು ದಿನ ಇವನದ್ದು ನೋಡಕ್ಕಾಗ್ಲಿಲ್ಲ."

"ಅಪ್ಪ, ಆ ಎಂಟು ಅವನ ಜ್ವರದ್ದು. ಅದನ್ನ ಲೆಕ್ಕದಿಂದ ತೆಗಿ," ಎಂದ ಚಿಕ್ಕೋನು.

"ಜ್ವರ ಅಳೆಯೋ ಕೋಲು ನನ್ನ ಹತ್ರ ಇಲ್ಲ," ಎಂದ ಅಪ್ಪ. "ಬಂದೋನು ಯಾರಾದ್ರೇನು, ಬಂದಿದ್ದು ಬಂದಿದ್ದೇ. ಪ್ರತಿ ತಿಂಗಳೂ ಅಳೆಯೋಣ. ಯಾರೂ ಬರ್ಲಿಲ್ಲ ಅಂದ್ರೆ ಬೀಗದ ಕೈ ನನಗೆ ವಾಪಸ್ಸು."

ದೊಡ್ಡೋನು ಬೀಗದ ಕೈಯನ್ನು ಜೇಬಿಗೆ ಇಳಿಸುತ್ತಿದ್ದ.

"ನಾಳೆಯಿಂದ ನಿನ್ನ ವೆಬ್‌ಸೈಟು ನಾನು ನೋಡಲ್ಲ," ಎಂದ ಚಿಕ್ಕೋನು.

ದೊಡ್ಡೋನ ಕೈ ಜೇಬಿನ ಬಾಯಲ್ಲೇ ನಿಂತಿತು. "ನೋಡದೆ ಇರ್ತೀಯಾ ನೀನು?"

"ನೋಡ್ಬೇಕು ಅಂದ್ರೆ ಕೂರೋಕೆ ಜಾಗ ಬೇಕಲ್ಲ, ಅಣ್ಣ."

ದೊಡ್ಡೋನು ಶೆಡ್ಡಿನ ಉದ್ದವನ್ನು ಕಣ್ಣಲ್ಲೇ ಅಳೆದ. "ಹತ್ತು ಮೊಳ ಬಿಡ್ತೀನಿ."

"ಹತ್ತು ಮೊಳದಲ್ಲಿ ಕೂತ್ರೆ ವಾರಕ್ಕೊಂದ್ಸಲ ನೋಡಕ್ಕಾಗೋದು, ಅಷ್ಟೇ."

"ಇಪ್ಪತ್ತು ತಗೋ, ಮಾರಾಯ."

ಅಪ್ಪ ತಾನೇನೂ ಕೇಳಿಸಿಕೊಳ್ಳದವನ ಹಾಗೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ.

ಸೋಮವಾರ ಚಿಕ್ಕೋನು ಶೆಡ್ಡಿನ ತನ್ನ ಅರ್ಧದಲ್ಲಿ ಹದಿನೆಂಟು ಮೆಟ್ಟಿಲಿನ ಏಣಿಯನ್ನು ನೆಲದ ಮೇಲೆ ಪೂರ್ತಿ ಮಲಗಿಸಿ, ಒಂದೊಂದೇ ಮೆಟ್ಟಿಲನ್ನು ತಟ್ಟಿ ಕೂರಿಸತೊಡಗಿದ. ಅಣ್ಣ ಆ ಬದಿಯಿಂದ ಎರಡು ಸಲ ಕೆಮ್ಮಿದ.

"ಇವತ್ತು ನೋಡಿದ್ಯಾ?"

"ಇನ್ನೂ ಇಲ್ಲ. ಈ ಮೂಲೆಗೆ ಗಾಳೀನೇ ಬರಲ್ಲ, ಅಣ್ಣ."

ದೊಡ್ಡೋನು ಎದ್ದು ತನ್ನ ಏಣಿಯನ್ನು ಒಂದು ಗೇಣು ಆಚೆ ಸರಿಸಿದ.