ಮೀನು ಮಗುಚಿದ ದಿನ

ನಾನೊಂದು ಕಬ್ಬಿಣದ ಯುದ್ಧದೋಣಿ. ಚೀನಾ ದೇಶದ ಶಾಂಘೈ ಊರಲ್ಲಿ, ಹುವಾಂಗ್‌ಪು ನದಿಯ ದಡದಲ್ಲಿ ಹುಟ್ಟಿದೆ. ನಮ್ಮಲ್ಲಿ ಆಗಿನ್ನೂ ಮರದ ದೋಣಿಗಳದ್ದೇ ಕಾಲ. ಕೆಂಪಗೆ ಕಾದ ಮೊಳೆಗಳನ್ನು ಬಡಿದು ನನಗೆ ದಪ್ಪ ಚರ್ಮ ತೊಡಿಸಿದರು. ಮೂಗಿನ ಮೇಲೆ ನನ್ನ ಮೈಗಿಂತ ಜಂಬದ ಒಂದು ಫಿರಂಗಿ ಕೂರಿಸಿದರು.

ನನ್ನ ಎಂಟ್ರಿಗೆ ಬಿಲ್ಡಪ್ ಜೋರಾಗಿಯೇ ಇತ್ತು. ಪಟಾಕಿ, ತಮಟೆ, ರೇಷ್ಮೆ ಬಾವುಟ. 'ನದಿಯ ಸಿಡಿಲು' ಎಂದು ಹೆಸರಿಟ್ಟರು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಮಾತ್ರ ಸೊಂಟದ ಮೇಲೆ ಕೈಯಿಟ್ಟು, "ಕಬ್ಬಿಣ ಎಲ್ಲಾದ್ರೂ ತೇಲುತ್ತೇನ್ರೇ?" ಎಂದಳು. ತೇಲಿದೆ. ಫಿರಂಗಿಯ ಭಾರಕ್ಕೆ ಮೂಗು ತಗ್ಗಿಸಿ, ಸ್ವಲ್ಪ ಮುಗ್ಗರಿಸಿದಂತೆ. "ಅಯ್ಯೋ, ಬಾತುಕೋಳಿ ಕಣೇ ಇದು," ಎಂದಳು. ಆ ಹೆಸರೇ ನಿಂತಿತು.

ನನಗಿದ್ದದ್ದು ಒಂದೇ ಆಸೆ. ಸಮುದ್ರ ನೋಡಬೇಕು. ಉಬ್ಬರದ ಹೊತ್ತಿಗೆ ಉಪ್ಪಿನ ವಾಸನೆ ನದಿಯನ್ನೇರಿ ಬಂದು ನನ್ನ ಪಕ್ಕೆ ತಟ್ಟುತ್ತಿತ್ತು. ನಾನು ಕಣ್ತೆರೆದೇ ಕನಸು ಕಾಣುತ್ತಿದ್ದೆ: ಎರಡೂ ಕಡೆ ದಡವೇ ಇಲ್ಲದ ನೀರು.

ನನ್ನ ಚುಕ್ಕಾಣಿ ಹಿಡಿದವನು ಶೆನ್ ಆಗೆನ್. ಅವನ ಮನೆತನವೇ ದೋಣಿಯ ಮೇಲೆ ಹುಟ್ಟಿ ದೋಣಿಯ ಮೇಲೆ ಬೆಳೆದದ್ದು. ದೋಣಿಯವರ ಊಟಕ್ಕೊಂದು ಕಟ್ಟುಪಾಡುಂಟು. ತಟ್ಟೆಯಲ್ಲಿ ಇಡೀ ಮೀನು ಬಂದರೆ ಮೇಲಿನ ಮಗ್ಗುಲು ತಿನ್ನಬೇಕು, ಬೆನ್ನುಮೂಳೆ ಎತ್ತಿ ಕೆಳಗಿನದನ್ನು ತಿನ್ನಬೇಕು. ಮೀನನ್ನು ಮಗುಚುವ ಹಾಗಿಲ್ಲ. ಮೀನು ಮಗುಚಿದರೆ ದೋಣಿಯೂ ಮಗುಚೀತು.

ಕೊನೆಗೂ ನನ್ನನ್ನು ಸಮುದ್ರಕ್ಕೆ ಒಯ್ದು ಪರೀಕ್ಷಿಸುವ ದಿನ ಬಂತು. ಗೆದ್ದರೆ ಸಮುದ್ರದ ಹಡಗು, ಇಲ್ಲವಾದರೆ ನದಿಯ ಕಾವಲುಗಾರ. ಪರೀಕ್ಷಿಸಲು ಬಂದ ದುವಾನ್ ಸಾಹೇಬರು ಗೋಧಿ ಬೆಳೆಯುವ ಒಳನಾಡಿನವರು, ದೋಣಿಯನ್ನೇ ಹತ್ತಿದವರಲ್ಲ. ಬಾಯ್ಲರ್ ಕಾಯುತ್ತಿತ್ತು. ಚುಕ್ಕಾಣಿಯ ಪಕ್ಕದಲ್ಲೇ ಸಾಹೇಬರಿಗೆ ಊಟ ಬಡಿಸಿದರು. ಅವರು ಮೀನಿನ ಒಂದು ಮಗ್ಗುಲು ಮುಗಿಸಿ, ಊಟದ ಕಡ್ಡಿಗಳಿಂದ ಅದನ್ನು ನಾಜೂಕಾಗಿ ಮಗುಚಿ ಹಾಕಿದರು.

ಆಗೆನ್ ಚುಕ್ಕಾಣಿಯಿಂದ ಕೈ ತೆಗೆದ.

"ಇವತ್ತು ಹೊರಡೋದಿಲ್ಲ, ಸಾಹೇಬ್ರೆ."

"ಒಂದು ಬೆಂದ ಮೀನಿಗೆ ಹೆದರ್ತೀಯಾ? ಇದು ಕಬ್ಬಿಣದ ದೋಣಿ ಕಣಯ್ಯ."

"ಅದಕ್ಕೇ ಹೆದರಿಕೆ. ಮರ ಆದ್ರೆ ಮಗುಚಿದ್ರೂ ತೇಲುತ್ತೆ."

ಕೆಳಗೆ ಕಲ್ಲಿದ್ದಲು ಹಾಕುತ್ತಿದ್ದವರೂ ಸಲಿಕೆ ಇಳಿಸಿದರು. ಸಾಹೇಬರ ಮುಖ ಕೆಂಡವಾಯಿತು. "ಹಂಗಾದ್ರೆ ಇಲ್ಲೇ ಈಜಾಡ್ಕೊಂಡಿರಲಿ, ನಿಮ್ಮ ಬಾತುಕೋಳಿ," ಎಂದು ಇಳಿದು ಹೋದರು. ಸಂಜೆಯೊಳಗೆ ಆಗೆನ್‌ನ ಕೆಲಸವೂ ಹೋಯಿತು. ಹೋಗುವಾಗ ಅವನು ನನ್ನ ಚುಕ್ಕಾಣಿಯನ್ನು ಒರೆಸಿಟ್ಟು ಹೋದ. ನಾನು ಮಾತ್ರ ಅವನ ಮೇಲೆ ಬಹಳ ವರ್ಷ ಮುನಿಸಿಕೊಂಡಿದ್ದೆ.

ಆಮೇಲೆ ನದಿಯೇ ನನ್ನ ಲೋಕ. ಮಂಜಿನಲ್ಲಿ ತೇಲುತ್ತಾ ಕಳ್ಳಸಾಗಣೆಯ ಉಪ್ಪಿನ ದೋಣಿಗಳನ್ನು ತಡೆದು ನಿಲ್ಲಿಸುತ್ತಿದ್ದೆ. ಅವುಗಳ ಮೂಟೆಗಳ ವಾಸನೆ ಮೂಸಿ, ಇದೇ ಸಮುದ್ರ ಎಂದುಕೊಳ್ಳುತ್ತಿದ್ದೆ. ನನಗಿಂತ ದೊಡ್ಡ, ಚೆಂದದ ಹಡಗುಗಳು ನನ್ನ ಪಕ್ಕದಲ್ಲೇ ಹೊಗೆಯುಗುಳುತ್ತಾ ಕಡಲಿಗೆ ಹೋದವು. ಯುದ್ಧವಾಯಿತು. ಕೆಲವು ಮರಳಿ ಬರಲೇ ಇಲ್ಲ.

ತುಕ್ಕು ಹಿಡಿಯಿತು. ಫಿರಂಗಿ ಕಿತ್ತರು, ಮೇಲಿನ ದಪ್ಪ ಚರ್ಮ ಸುಲಿದರು, ಸರಪಳಿಯಿಂದ ದಡಕ್ಕೆ ಬಿಗಿದರು. ಈಗ ನಾನು ನದಿ ದಾಟುವ ದೋಣಿಯವರಿಗೆ ಹತ್ತಿಳಿಯುವ ಕಟ್ಟೆ. ಬೆನ್ನ ಮೇಲೊಂದು ಊಟದಂಗಡಿಯೂ ಬಂತು. ಅಲ್ಲಿ ಒಬ್ಬ ಗಿರಾಕಿ ಮೀನನ್ನು ಮಗುಚಿ ತಿಂದ. ಯಾರೂ ಬಯ್ಯಲಿಲ್ಲ. ನಾನಿನ್ನು ದೋಣಿಯಲ್ಲವೆಂದು ಅಂದು ತಿಳಿಯಿತು. ಫಿರಂಗಿ ಕಿತ್ತಾಗಲೂ ಅಷ್ಟು ನೋವಾಗಿರಲಿಲ್ಲ.

ಹೋದ ಚಳಿಗಾಲದಲ್ಲಿ ಒಬ್ಬ ಮುದುಕ ಮಗಳ ಭುಜ ಹಿಡಿದು ಬಂದ. ಹೆಜ್ಜೆಯ ಭಾರದಲ್ಲೇ ಗುರುತು ಸಿಕ್ಕಿತು: ಆಗೆನ್. ಕೂತರು. ಮೀನು ಬಂತು. ಮೇಲಿನ ಮಗ್ಗುಲು ಖಾಲಿಯಾದಾಗ ಮಗಳು ಅದನ್ನು ಮಗುಚಲು ಹೋದಳು. ಅವನು ಅವಳ ಕೈ ಹಿಡಿದ.

"ಅಪ್ಪಾ, ಇದು ಈಗ ಬರೀ ಕಟ್ಟೆ ಅಲ್ವಾ?"

"ಕಾಲ ಕೆಳಗೆ ಏನೈತೆ?"

"ಕಬ್ಬಿಣ."

"ಅದರ ಕೆಳಗೆ?"

ಅವಳು ನಕ್ಕಳು. "ನೀರು."

"ಹಂಗಾದ್ರೆ ಮೂಳೆ ಎತ್ತು, ಮಗಳೇ."

ಅವಳು ಮೂಳೆ ಎತ್ತಿದಳು. ಉಬ್ಬರ ಬಂತು, ಉಪ್ಪಿನ ವಾಸನೆ ಬಂತು. ಸರಪಳಿ ಬಿಗಿಯಾಗುವವರೆಗೂ ನಾನು ಮೆಲ್ಲಗೆ ಮೇಲೆದ್ದೆ.