ನಾತದ ಕಲ್ಲಿನ ಕಣ್ಣು

"ಅಪ್ಪನ ಜೇಬಿಗೆ ಹಾಕೇ ಹಾಕ್ತೀನಿ, ಕೈ ಬಿಡಿ!" ಸೋಲ್ವೈಗ್ ತಂದೆಯ ಮೇಜಿನಿಂದ ತಂದ ಪುಟ್ಟ ಡಬ್ಬಿಯನ್ನು ಎಳೆದುಕೊಂಡಳು.

ಟೋರ್ಗ್ನಿ ಬಿಡಲಿಲ್ಲ. ಅವಳ ಸತ್ತ ತಂದೆ ಸಿಕ್ಸ್ಟೆನ್ ಜೊತೆ ವರ್ಷಗಟ್ಟಲೆ ಒಂದೇ ಮೇಜಿಗೆ ಬಗ್ಗಿದ್ದವನು. "ಎರಡೂ ಕಣ್ಣು ಉಳಿದಿರೋ ಪಳೆಯುಳಿಕೆ ಇದೊಂದೇ ಕಣಮ್ಮ. ಮಣ್ಣಿಗೆ ಹಾಕಿದ್ರೆ ಹೋಯ್ತು."

"ಹುಡುಕಿದ್ದು ಅಪ್ಪ. ಅಪ್ಪನ ಜೊತೇಲೇ ಹೋಗ್ಲಿ."

ಕಿನ್ನೆಕುಲ್ಲೆ ಗುಡ್ಡದ ಬುಡದ ಇಗರ್ಜಿಯಲ್ಲಿ ಗಂಟೆ ಹೊಡೆದ ಕೂಡಲೇ ಶವಪೆಟ್ಟಿಗೆಯ ಮುಚ್ಚಳ ಹಾಕಬೇಕಿತ್ತು. ಇಬ್ಬರೂ ಇಂಗೆಗೆರ್ಡ್ ಮುಖ ನೋಡಿದರು. ಸತ್ತವನ ಹೆಂಡತಿ, ಕೊನೆಯ ಮಾತು ಅವಳದೇ.

"ನನ್ನನ್ನೇನು ಕೇಳ್ತೀರಿ? ಮನೆಗೆಲ್ಲ ವಿನೆಗರ್ ನಾತ ಹಿಡಿಸಿದ ಪೀಡೆ ಅದು. ಒಂದಿನಾನೂ ಇಣುಕಿ ನೋಡಿದವಳಲ್ಲ ನಾನು."

*

ಒಡೆದರೆ ಸೀಮೆಎಣ್ಣೆಯ ಹಾಗೆ ನಾರುವ ಕಲ್ಲು. ಅದನ್ನು ವಿನೆಗರ್‌ನಂಥ ಹುಳಿಯಲ್ಲಿ ವಾರಗಟ್ಟಲೆ ನೆನೆಸಿ, ಕರಗದೆ ಉಳಿದ ಗಸಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಕುಂಚದ ತುದಿಯಲ್ಲಿ ಕಣ ಕಣ ಆರಿಸುವುದು ಸಿಕ್ಸ್ಟೆನ್ ಕಸುಬು. ಕಲ್ಲಲ್ಲಿ ಅಕ್ಕಿ ಆರಿಸಿದ ಹಾಗೆ.

ಒಂದು ಚಳಿಗಾಲ ಇಂಗೆಗೆರ್ಡ್ ಕಾಫಿ ಹಿಡಿದು ಬಂದು ಬಾಗಿಲನ್ನು ದಡಾರನೆ ತೆರೆದಳು. ಕುಂಚದ ತುದಿಯ ಕಣ ಗಾಳಿಗೆ ಹಾರಿತು. ಅವನು ಬೈಯಲಿಲ್ಲ. ಕೆನ್ನೆಯನ್ನು ನೆಲಕ್ಕೆ ಹಚ್ಚಿ, ಹಲಗೆಯ ಸಂದುಗಳಲ್ಲಿ ಕತ್ತಲಾಗುವವರೆಗೆ ಹುಡುಕಿದ.

"ಎದ್ದೇಳೋ ಹುಚ್ಚಪ್ಪ! ಧೂಳು ತಾನೇ?"

"ಸೀಗಡಿ ಜಾತೀದು ಕಣೇ, ಉಪ್ಪಿನ ಹರಳಿಗಿಂತ ಚಿಕ್ಕದು," ಎಂದ ನೆಲದಿಂದಲೇ. "ಅದಕ್ಕೆ ಕಣ್ಣಿತ್ತು."

*

ಟೋರ್ಗ್ನಿ ಕಾರಿನಿಂದ ಒಂಟಿ ಕೊಳವೆಯ ಹಳೆಯ ಸೂಕ್ಷ್ಮದರ್ಶಕ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟು, ಡಬ್ಬಿಯೊಳಗಿನ ಕಣವನ್ನು ಅದರ ಕೆಳಗಿರಿಸಿದ. "ಒಂದೇ ಸಲ ನೋಡು, ಇಂಗೆಗೆರ್ಡ್. ಆಮೇಲೆ ಹೂಳೋದಾದ್ರೆ ಹೂಳು."

"ನೆಮ್ಮದಿಯಾಗಿ ಅಳೋಕೂ ಬಿಡಲ್ವಲ್ಲೋ ನೀನು," ಎಂದು ಗೊಣಗುತ್ತ ಬಗ್ಗಿದಳು.

ಮೊದಲು ಬರೀ ಮಂಜು. ಟೋರ್ಗ್ನಿ ತಿರುಪು ತಿರುಗಿಸಿದ. ಮಂಜಿನೊಳಗಿಂದ ಒಂದು ತಲೆ ಎದ್ದು ಬಂತು, ಚಿತ್ರ ತೆಗೆಯಲೆಂದು ಬಳಿದ ಚಿನ್ನದ ಲೇಪದಲ್ಲಿ ಹೊಳೆಯುತ್ತ. ತಲೆಯ ಎರಡು ಬದಿಗೆ ಎರಡು ಉಬ್ಬು. ಉಬ್ಬಿನ ಮೈತುಂಬ ಜೇನುಹುಟ್ಟಿನಂಥ ಸಾಲು ಮನೆಗಳು. ಈ ಗುಡ್ಡ ಕಡಲ ತಳವಾಗಿದ್ದಾಗ, ನೆಲದ ಮೇಲೆ ಒಂದು ಹುಲ್ಲುಕಡ್ಡಿಯೂ ಇಲ್ಲದಿದ್ದಾಗ, ಬೆಳಕು ಕಂಡ ಕಣ್ಣು. ಇಂಗೆಗೆರ್ಡ್ ಉಸಿರು ಬಿಡಲೂ ಹೆದರಿದಳು.

"ಇದು... ಯಾರನ್ನ ನೋಡ್ತಿದೆ?"

"ಐವತ್ತು ಕೋಟಿ ವರ್ಷ ಯಾರನ್ನೂ ಇಲ್ಲ," ಎಂದ ಟೋರ್ಗ್ನಿ. "ಮೊದಲು ಎದುರಾದವನು ಸಿಕ್ಸ್ಟೆನ್."

ಗಂಟೆ ಹೊಡೆಯಿತು. ಸೋಲ್ವೈಗ್ ಕೈ ಚಾಚಿದಳು. "ಅಮ್ಮಾ, ಕೊಡು."

"ಒಂದ್ಸಲ ಹೂತಿದ್ದಾಗಿದೆ ಅದನ್ನ. ಮತ್ತೆ ಹೂಳೋದು ಬೇಡ ಕಣೇ."

ಮುಚ್ಚಳ ಎತ್ತಿಕೊಂಡವರು ಕಾದು ನಿಂತರು. ಇಂಗೆಗೆರ್ಡ್ ಶವಪೆಟ್ಟಿಗೆಯ ಮೇಲೆ ಬಗ್ಗಿದಳು. ಗಂಡನ ಮುಚ್ಚಿದ ರೆಪ್ಪೆಯ ಹತ್ತಿರಕ್ಕೆ, ಮೂಗು ತಾಗುವಷ್ಟು ಹತ್ತಿರಕ್ಕೆ ಮುಖ ತಂದು, ಒಂದು ಕಣ್ಣು ಮುಚ್ಚಿಕೊಂಡು, ಇನ್ನೊಂದರಿಂದ ನೋಡತೊಡಗಿದಳು.