ಗೋಸಾಯಿಗಳ ಹೊಲದ ಕುಣಿ

ಔಟ್‌ಹೌಸಿನ ಗೋಡೆಗೆ ಒರಗಿಸಿ ಅಮರಪ್ಪನ ಹೆಣವನ್ನು ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಚೆಂಡುಹೂವು. ಗೌರಮ್ಮ ಮಾತ್ರ ಕೂತಲ್ಲಿ ಕೂರಲಾರಳು. ಒಳಗೆ ಹೋಗುವಳು, ಹೊರಗೆ ಬರುವಳು, ಇಟ್ಟ ತಂಬಿಗೆಯನ್ನೇ ಮತ್ತೆ ಎತ್ತಿಡುವಳು. ಅತ್ತು ಹಗುರಾಗೋಣವೆಂದರೆ ಅದಕ್ಕೂ ಬಿಡುವಿಲ್ಲ. ಅವಳು ಗಂಡನಿಗೆ ಬೆಂಕಿಯ ಮಾತು ಕೊಟ್ಟಿದ್ದಾಳೆ. ಗುಂಡಪ್ಪ ಮಣ್ಣಿಗೆ ಏರ್ಪಾಟು ಮಾಡಿಬಿಟ್ಟಿದ್ದಾನೆ.

ಗುಂಡಪ್ಪನನ್ನು ಬೈಯುವ ಹಾಗೂ ಇಲ್ಲ. ಧಾರವಾಡದ ಕಡೆಯ ರೈಲ್ವೆ ಗುಮಾಸ್ತ. ಬರೋಡಾದಲ್ಲಿ ಇವರಿಗೆ ತಮ್ಮವರೆಂದು ಇದ್ದ ಒಬ್ಬನೇ ಲಿಂಗಾಯತ. ಎಲ್ಲರೂ ಸುಡುವ ಊರಿನಲ್ಲಿ ಹೂಳುವ ಜಾಗ ಎಲ್ಲಿಂದ ತಂದಾನು? ಬೆಳಗಿನಿಂದ ಬಿಸಿಲಲ್ಲಿ ಸೈಕಲ್ ತುಳಿದು, ತಮ್ಮಲ್ಲಿ ಸತ್ತವರಿಗೆ ಸಮಾಧಿ ಮಾಡುವ ಗೋಸಾಯಿ ಸಾಧುಗಳ ಮಠ ಹುಡುಕಿ, ಮಹಂತನ ಕಾಲು ಹಿಡಿದು, ಅವರ ಹೊಲದಲ್ಲಿ ಕುಣಿ ತೋಡಿಸಿ ಬಂದಿದ್ದ.

ಅಮರಪ್ಪನ ಭಯ ಹುಟ್ಟಿದ್ದು ಊರಿನ ಗಣಿಯಲ್ಲಿ. ಇಪ್ಪತ್ತೆರಡರ ಹುಡುಗ, ಬಂಡೆ ಕುಸಿದು ಎರಡು ದಿನ ಒಳಗೇ ಸಿಕ್ಕಿಬಿದ್ದಿದ್ದ. ಪಕ್ಕದಲ್ಲಿದ್ದ ಗೆಳೆಯನ ಮಾತು ಮೊದಲ ದಿನವೇ ನಿಂತಿತ್ತು. ಹೊರಬಂದವನು ಆಕಾಶದ ಕೆಳಗಿನ ಕೆಲಸವೆಂದು ಸೈನ್ಯಕ್ಕೆ ಸೇರಿದ. ಗಣಿಯವನೆಂದು ಗೊತ್ತಾದದ್ದೇ ತಡ, ಅಲ್ಲಿಯೂ ಕೈಗೆ ಗುದ್ದಲಿಯನ್ನೇ ಕೊಟ್ಟರು. ಹಣೆಬರಹ, ಇನ್ನೇನು. ಅರವತ್ತೈದರ ಯುದ್ಧದಲ್ಲಿ ಎಲ್ಲರಿಗೂ ಕಂದಕ ತೋಡಿಕೊಟ್ಟು ತಾನು ಮಾತ್ರ ಮೇಲೆ ಮಲಗಿದ. ತೊಡೆಗೆ ಶೆಲ್ಲಿನ ಚೂರು ಹೊಕ್ಕಿತು.

ಅಹಮದಾಬಾದಿನ ಆಸ್ಪತ್ರೆಯಿಂದ ಹೊರಬಿದ್ದವನು ಗಣಿಯಿರುವ ಊರಿಗೆ ಕಾಲಿಡಲೊಲ್ಲ. ಆ ಕಾಲಿಗೆ ಚಕ್ರ ಕಟ್ಟಿದ್ದು ಆಗಲೇ. ಅಲ್ಲಿಯ ಮಿಲ್ಲಿನಲ್ಲಿ ಕಿಟಕಿ ತೆರೆಯುವುದಿಲ್ಲವೆಂದು ಬಿಟ್ಟ. ಸೂರತ್ತಿನ ಕತಾರ್‌ಗಾಮ್‌ನಲ್ಲಿ ಮಗ್ಗದ ಶೆಡ್ಡು ತಗ್ಗಾಯಿತೆಂದು ಬಿಟ್ಟ. ಕಡೆಗೆ ಬರೋಡಾದ ಅಲ್ಕಾಪುರಿಯಲ್ಲಿ ಒಂದು ಬಂಗಲೆಯ ಕಾವಲು, ಇರಲು ಅದರ ಔಟ್‌ಹೌಸು ಸಿಕ್ಕಿತು. ಮಳೆ ಬಂದರೂ ಗೇಟಿನ ಬಳಿಯ ಸ್ಟೂಲು ಬಿಟ್ಟು ಒಳಗೆ ಬಾರ. ಪಾತ್ರೆ ಕಟ್ಟಿ ಬಿಚ್ಚಿ ಗೌರಮ್ಮನಿಗೆ ಸಾಕುಸಾಕಾಗಿತ್ತು. ಗಣಿಯ ದೂಳು ಮಾತ್ರ ಅವನ ಎದೆಯನ್ನು ಬಿಟ್ಟಿರಲಿಲ್ಲ. ಯುದ್ಧ ಮುಗಿದ ಮೂರನೆಯ ಬೇಸಿಗೆಗೆ ಕೆಮ್ಮಿ ಕೆಮ್ಮಿ ಹೋದ.

ಹೋಗುವ ಮುಂಚೆ ಅವಳ ಕೈ ಹಿಡಿದಿದ್ದ. "ನನ್ನ ಮಣ್ಣಾಗ ಇಡಬ್ಯಾಡ ಗೌರೀ. ಸುಟ್ಟುಬಿಡು. ಆಣಿ ಮಾಡು." ಮಾಡಿದ್ದಳು.

"ಯಣ್ಣಾ, ಅವರಿಗೆ ಮಾತು ಕೊಟ್ಟೀನ್ರಿ," ಎಂದಳು ಈಗ ಗುಂಡಪ್ಪನಿಗೆ.

"ಜಡ್ಡಾದವರು ಏನೇನೋ ಅಂತಾರ, ತಂಗೀ. ಲಿಂಗ ಕಟ್ಟಿದ ಮೈ ಅದು. ಸುಟ್ರ ನಾಳೆ ಊರಾಗ ನಿನಗ ಯಾರು ನೀರು ಕೊಡ್ತಾರ?"

ಮಾತು ಅವಳಿಗೂ ನಾಟಿತು. ಅವಳ ಅಪ್ಪ, ಅಜ್ಜ ಎಲ್ಲರೂ ಕೈಯಲ್ಲಿ ಲಿಂಗ ಹಿಡಿದು ಮಣ್ಣಿನಲ್ಲಿ ಕೂತವರೇ. ಬೆಂಕಿಗೆ ಹೋದವನಿಗೆ ಶಿವ ಸಿಗುತ್ತಾನೋ ಇಲ್ಲವೋ, ಯಾರನ್ನು ಕೇಳುವುದು? ಗುಂಡಪ್ಪನೂ ಅಕ್ಕಪಕ್ಕದ ಬಂಗಲೆಗಳ ಆಳುಗಳೂ ಹೆಣ ಎತ್ತಿದರು, ಅವಳೂ ಹಿಂದೆ ನಡೆದಳು.

ಕುಣಿಗೆ ಮೂರು ಮೆಟ್ಟಿಲು, ಕೆಳಗೆ ಒಂದು ಬದಿಗೆ ಹೆಣ ಕೂರಿಸುವ ಗೂಡು. ಯಾರೂ ತಡೆಯುವ ಮೊದಲೇ ಗೌರಮ್ಮ ಇಳಿದುಬಿಟ್ಟಳು. ಗೂಡಿನೊಳಗೆ ಸರಿದು, ಗಂಡ ಕೂರಬೇಕಾದ ಹಾಗೆಯೇ ಚಕ್ಕಳಮಕ್ಕಳ ಹಾಕಿ ಕೂತಳು. ತಲೆಗೆ ಮಣ್ಣು ತಾಗಿತು. ಕತ್ತೆತ್ತಿ ನೋಡಿದರೆ ಆಕಾಶವೇ ಇಲ್ಲ. ಹನ್ನೆರಡು ವರ್ಷ ಅವನನ್ನು ಹುಚ್ಚ, ಹುಚ್ಚ ಎಂದು ಬೈದಿದ್ದಳು.

"ಮ್ಯಾಲ ಬಾ ತಂಗೀ," ಎಂದ ಗುಂಡಪ್ಪ.

"ನೀವ ಒಂದು ಗಳಿಗಿ ಬರ್ರಿ ಯಣ್ಣಾ."

ಕೈಹಿಡಿದು ಎಬ್ಬಿಸಲು ಇಳಿದ. ಅವಳು ಹೊರಗೆ ಸರಿದು ಗೂಡು ತೋರಿಸಿದಳು. ಏನೆನ್ನಿಸಿತೋ, ಬಾಗಿ ಒಳಗೆ ಕೂತ. ಹತ್ತು ಎಣಿಸುವಷ್ಟರಲ್ಲಿ ಗೋಡೆಗೆ ಕೈಯೂರಿ ಹೊರಬಂದು, ಮೆಟ್ಟಿಲ ಮೇಲೆ ನಿಂತು ಎದೆ ತುಂಬ ಉಸಿರೆಳೆದುಕೊಂಡ.

"ಗಣಿಯಾಗ ಎಲ್ಡು ದಿನ ಹಿಂಗ ಕುಂತಿದ್ರು ಅವರು," ಎಂದಳು ಗೌರಮ್ಮ. "ಲಿಂಗ ಕೈಯಾಗ ಇರ್ಲಿ. ಬೆಂಕಿನೂ ಶಿವಂದ ಅಲ್ಲೇನ್ರಿ?"

ಗುಂಡಪ್ಪ ಟೋಪಿ ತೆಗೆದು ಮಣ್ಣು ಕೊಡವಿದ. ಮೇಲೆ ನಿಂತವರ ಕಡೆ ತಿರುಗಿ ಕೇಳಿದ: "ಕಟ್ಟಿಗಿ ಎಲ್ಲಿ ಸಿಗತಾವ ಇಲ್ಲಿ?"